ಬಚ್ಚಲುಮನೆಯ ಚಿಲಕ ಹೇಗಿರಬೇಕು?



ಅಡಿಕೆಯ ಕೊಳೆರೋಗ, ದನಗಳ ಕಾಲುಬಾಯಿ ಜ್ವರ, ಮಕ್ಕಳ ಜಂತುಹುಳದ ತೊಂದರೆ ಇಂತಹ ವಿಷಯಗಳನ್ನು ಈ ಅಂಕಣದಲ್ಲಿ ಬರೆಯುವುದು ವಾಡಿಕೆ. ಈ ಸಲ ಒಂದು ಚಿಲಕದ ಬಗ್ಗೆ ಬರೆಯುತ್ತಿದ್ದೇನೆ. ಇದೇನು ಬರೆಯುವಂತಹ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸುತ್ತಿತ್ತು, ನಮ್ಮ ಮನೆಯಲ್ಲೇ ಅದು ನಡೆಯುವ ತನಕ.

ನನ್ನ ಅಮ್ಮನಿಗೆ ಆಗ 81 ವರ್ಷ. ಆಟಿ ತಿಂಗಳ ಒಂದು ಸಂಜೆ ಸ್ನಾನಕ್ಕೆಂದು ಬಚ್ಚಲುಮನೆಗೆ ಹೋದವರು ತುಂಬಾ ಹೊತ್ತಾದರೂ ಹೊರಗೆ ಬರಲಿಲ್ಲ. ಅತ್ತಿಗೆ ಕರೆದರೆ ನರಳುವ ಸದ್ದು ಮಾತ್ರ ಕೇಳಿಸಿತು. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಉದ್ದ ಚಿಲಕ ಹಾಕಿತ್ತು. ಬಾಗಿಲು ತೆರೆಯುವುದು ಒಳಮುಖಕ್ಕೆ, ಅಮ್ಮ ಬಿದ್ದದ್ದು ಬಾಗಿಲಿಗೆ ಒತ್ತಿಕೊಂಡು. ಒದ್ದು ಮುರಿಯೋಣವೆಂದರೆ ಹಲಗೆ ಅವರ ತಲೆಯ ಮೇಲೆಯೇ ಬೀಳುವಂತಿತ್ತು. ಕೊನೆಗೆ ಅಣ್ಣ ಮಾಡಿಗೆ ಹತ್ತಿ, ಜಡಿಮಳೆಯಲ್ಲಿ ಹೆಂಚು ತೆಗೆದು, ಪಕ್ಕದ ಮನೆಯ ಹುಡುಗನನ್ನು ಹಗ್ಗದಲ್ಲಿ ಒಳಗೆ ಇಳಿಸಬೇಕಾಯಿತು. ಇಷ್ಟಕ್ಕೆಲ್ಲ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವರು ಮುರಿದ ಸೊಂಟದೊಂದಿಗೆ ಒದ್ದೆ ನೆಲದ ಮೇಲೆ ಬಿದ್ದಿದ್ದರು.

ಶಸ್ತ್ರಚಿಕಿತ್ಸೆ ಮುಗಿಸಿ ಅಮ್ಮ ಮನೆಗೆ ಬಂದ ದಿನವೇ ಅಣ್ಣ ಸಿಟ್ಟಿನಿಂದ ಇಕ್ಕುಳ ಹಿಡಿದು ಆ ಚಿಲಕವನ್ನು ಕಿತ್ತೆಸೆದ. ಇನ್ನು ಭಯವಿಲ್ಲ ಎಂದು ನಾವೆಲ್ಲರೂ ತಿಳಿದೆವು. ಅಮ್ಮ ಕೋಲು ಊರಿ ತಾವಾಗಿಯೇ ನಡೆಯಲು ಆರಂಭಿಸಿದ ಮೂರನೆಯ ದಿನ ಅತ್ತಿಗೆ ಬಚ್ಚಲಿನ ಬಾಗಿಲು ತಳ್ಳಿದರೆ ಅದು ತೆರೆಯಲೇ ಇಲ್ಲ. ಒಳಗಿನಿಂದ ನೀರು ತುಂಬಿದ ಬಕೆಟನ್ನು ಬಾಗಿಲಿಗೆ ಎಳೆದು ಒತ್ತಿಟ್ಟಿದ್ದರು. ಸೊಂಟ ಮುರಿದ ಹೆಂಗಸು ತುಂಬಿದ ಬಕೆಟ್ ಎಳೆದಿದ್ದರು! ನಾನು ಕೇಳಿದಾಗ ಅವರು ಹೇಳಿದ್ದಿಷ್ಟೇ: "ಅಂಗಳದಲ್ಲಿ ಅಡಿಕೆ ಸುಲಿಯುವವರು ಕೂತಿದ್ದಾರೆ. ಚಿಲಕ ಇಲ್ಲದ ಬಚ್ಚಲಿನಲ್ಲಿ ಸೀರೆ ಬಿಚ್ಚುವುದು ಹೇಗೆ ಮಗಾ?"

ಅವರ ಮಾತು ಸರಿ. ಬಚ್ಚಲಿನ ಚಿಲಕ ಇರುವುದು ಕಳ್ಳರಿಗಾಗಿ ಅಲ್ಲ, ಮಾನಕ್ಕಾಗಿ. ಅದನ್ನು ಕಿತ್ತುಹಾಕಿದರೆ ಒಳಗಿದ್ದವರು ಅದಕ್ಕಿಂತ ಅಪಾಯಕರವಾದ ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆ, ಅಥವಾ ಸ್ನಾನವನ್ನೇ ಕಡಿಮೆ ಮಾಡುತ್ತಾರೆ. ಆದ್ದರಿಂದ ಚಿಲಕ ಬೇಕು. ಆದರೆ ಅದು ಒಳಗಿನಿಂದ ಹಾಕುವಂತೆಯೂ ತುರ್ತು ಸಮಯದಲ್ಲಿ ಹೊರಗಿನಿಂದ ತೆಗೆಯುವಂತೆಯೂ ಇರಬೇಕು. ಇಂತಹ ಚಿಲಕಗಳು ಕುಂಬಳೆ, ಬದಿಯಡ್ಕ, ಉಪ್ಪಳದ ಅಂಗಡಿಗಳಲ್ಲೂ ಕೇಳಿದರೆ ಸಿಗುತ್ತವೆ. ನಾವು ಕೇಳುವುದಿಲ್ಲ, ಅಷ್ಟೇ.

ಮನೆಯಲ್ಲಿ ಯಾರಿಗಾಗಿ ಈ ಎಚ್ಚರಿಕೆ ಬೇಕು ಎಂಬುದನ್ನು ಮೊದಲು ನೋಡೋಣ. ವಯಸ್ಸಾದವರು ಸರಿಯೇ. ರಕ್ತದೊತ್ತಡದ ಮಾತ್ರೆ ಸೇವಿಸುವವರು ರಾತ್ರಿ ಹಾಸಿಗೆಯಿಂದ ಥಟ್ಟನೆ ಎದ್ದು ಹೋದರೆ ಒತ್ತಡ ಇಳಿದು ತಲೆ ತಿರುಗುತ್ತದೆ. ಬಿಸಿ ನೀರಿನ ಸ್ನಾನದಲ್ಲಿ ರಕ್ತನಾಳಗಳು ಹಿಗ್ಗುವುದರಿಂದಲೂ ಹೀಗಾಗುತ್ತದೆ. ಮಲಬದ್ಧತೆಯಿಂದ ಮುಕ್ಕುವಾಗ, ಕೆಲವು ಗಂಡಸರಿಗೆ ನಿಂತು ಮೂತ್ರ ಮಾಡುವಾಗ ಕೂಡ ಕಣ್ಣು ಕತ್ತಲೆ ಬರುವುದುಂಟು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಡವಾದಾಗ ಸಕ್ಕರೆ ಇಳಿದು ಕುಸಿಯಬಹುದು. ನಮ್ಮ ಕೃಷಿಕರು ಮರೆಯುವ ಒಂದು ಸಂಗತಿಯೂ ಇದೆ. ಕೀಟನಾಶಕ ಸಿಂಪಡಿಸಿ ಬಂದವರು ನೇರವಾಗಿ ಬಚ್ಚಲಿಗೆ ಹೋಗುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ವಿಷ ಮೈಗೆ ಹತ್ತಿದ್ದರೆ ಬೆವರು, ವಾಂತಿ, ತಲೆಸುತ್ತು ಕಾಣಿಸಿಕೊಳ್ಳುವುದು ಎಷ್ಟೋ ಸಲ ಆ ಹೊತ್ತಿನಲ್ಲೇ. ಅಂದು ಗಟ್ಟಿಮುಟ್ಟಾದ ಗಂಡಾಳು ಸಹ ಬಾಗಿಲಿಗೆ ಚಿಲಕ ಹಾಕಬಾರದು.

ಮೂರ್ಛೆರೋಗದವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ನಿಮಗೆ ಗೊತ್ತೇ ಇದೆ. ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ ಫಿಟ್ಸ್ ಬರುವ, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿರುವ ಮನೆಗಳಿವೆ. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಮಗಳು ಪ್ರಾಯಕ್ಕೆ ಬಂದ ಮೇಲೆ ತಂದೆಯಾಗಲಿ ಅಣ್ಣನಾಗಲಿ ಬಚ್ಚಲಿನಲ್ಲಿ ನಿಲ್ಲುವಂತಿಲ್ಲ. ತಾಯಿಗೋ ವಯಸ್ಸಾಗಿದೆ. ಇಂತಹ ಮನೆಗಳಿಗೆ ಚಿಲಕದ ಪ್ರಶ್ನೆ ದಿನನಿತ್ಯದ ಪ್ರಶ್ನೆ. ಫಿಟ್ಸ್ ಇರುವವರು ಚಿಲಕವನ್ನೇ ಹಾಕದಿರುವುದು ಉತ್ತಮ. ಅದರ ಬದಲು "ಒಳಗೆ ಜನ ಇದ್ದಾರೆ" ಎಂಬ ಹಲಗೆಯನ್ನೋ ಒಂದು ಬಣ್ಣದ ಬಟ್ಟೆಯನ್ನೋ ಹೊರಗಿನ ಹಿಡಿಗೆ ತೂಗಹಾಕಿ, ಮನೆಯವರೆಲ್ಲ ಅದನ್ನು ಗೌರವಿಸುವ ರೂಢಿ ಮಾಡಬೇಕು. ಮನೆಯಲ್ಲಿ ಯಾರಾದರೂ ಇರುವಾಗ, ಅವರಿಗೆ ತಿಳಿಸಿಯೇ ಸ್ನಾನಕ್ಕೆ ಹೋಗಬೇಕು. ಹಂಡೆಯ ಕುದಿನೀರನ್ನು ಬೇರೆಯವರು ಮೊದಲೇ ಬೆರೆಸಿಟ್ಟಿರಬೇಕು. ಉರಿಯುವ ಒಲೆಯ ಪಕ್ಕದಲ್ಲಿ ಅವರು ಸ್ನಾನ ಮಾಡಬಾರದು. ತಗ್ಗು ಸ್ಟೂಲಿನ ಮೇಲೆ ಕುಳಿತು ಮಿಂದರೆ ಬಿದ್ದರೂ ಪೆಟ್ಟು ಕಡಿಮೆ.

ಮರೆವಿನ ಕಾಯಿಲೆಯವರದು ಬೇರೆ ತೊಂದರೆ. ಅವರು ಚಿಲಕ ಹಾಕುತ್ತಾರೆ, ತೆಗೆಯುವುದು ಹೇಗೆಂದು ಮರೆಯುತ್ತಾರೆ. ಹೊರಗಿನಿಂದ ನಾವು "ಎಡಕ್ಕೆ ತಿರುಗಿಸಿ, ಮೇಲಕ್ಕೆ ಎತ್ತಿ" ಎಂದು ಕೂಗಿದಷ್ಟೂ ಗಾಬರಿಯಾಗುತ್ತಾರೆ. ಇಂತಹವರ ಬಚ್ಚಲಿಗೆ ಹೊಸ ಬಗೆಯ ಬೀಗ ತಂದು ಹಾಕಬೇಡಿ. ಹೊಸದನ್ನು ಕಲಿಯುವ ಶಕ್ತಿ ಅವರಲ್ಲಿ ಉಳಿದಿರುವುದಿಲ್ಲ. ಯಾರಾದರೊಬ್ಬರು ಬಾಗಿಲ ಬಳಿ ಕುಳಿತು ಮಾತನಾಡುತ್ತಿದ್ದರೆ ಸಾಕು, ಚಿಲಕದ ನೆನಪೇ ಅವರಿಗೆ ಬಾರದು.

ಈಗ ಬಾಗಿಲಿಗೆ ಬರೋಣ. ಚಿಲಕ ಎಷ್ಟೇ ಒಳ್ಳೆಯದಾದರೂ ಬಾಗಿಲು ಒಳಮುಖಕ್ಕೆ ತೆರೆಯುವುದಾದರೆ ಪ್ರಯೋಜನ ಅರ್ಧ ಮಾತ್ರ. ನಮ್ಮ ಬಚ್ಚಲುಗಳು ಚಿಕ್ಕವು. ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಕೇಂದ್ರ ಸರಕಾರವು ಅಂಗವಿಕಲರಿಗೂ ವೃದ್ಧರಿಗೂ ಅನುಕೂಲವಾಗುವ ಕಟ್ಟಡಗಳ ಬಗ್ಗೆ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು, ತುರ್ತು ಸಮಯದಲ್ಲಿ ಹೊರಗಿನಿಂದ ತೆಗೆಯಲು ಬರಬೇಕು ಎನ್ನುತ್ತದೆ. ಅದು ಬರೆದದ್ದು ಸಾರ್ವಜನಿಕ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟು, ಆದರೆ ಬೀಳುವವರು ಮನೆಯಲ್ಲೂ ಬೀಳುತ್ತಾರಲ್ಲ. ಹೊಸ ಮನೆ ಕಟ್ಟುವವರು ದಾರಂದ ಕೂರಿಸುವ ಮೊದಲೇ ಮೇಸ್ತ್ರಿಗೆ ಹೇಳಬೇಕು. ಹಳೆಯ ಮನೆಯಾದರೆ ಬಡಗಿಯನ್ನು ಕರೆಸಿ ಬಿಜಾಗರಿ ಬದಲಾಯಿಸಿ ಬಾಗಿಲನ್ನು ತಿರುಗಿಸಬಹುದು. ದಾರಂದದಲ್ಲಿ ಬಾಗಿಲು ತಾಗಿ ನಿಲ್ಲುವ ಅಂಚು ಒಳಭಾಗಕ್ಕೆ ಇರುವುದರಿಂದ ಹೊರಗಡೆ ಒಂದು ಮರದ ಪಟ್ಟಿ ಕೂಡಿಸಬೇಕಾದೀತು. ಸಿಮೆಂಟಿನ ದಾರಂದವಾದರೆ ಕೆಲಸ ಸ್ವಲ್ಪ ಹೆಚ್ಚು. ಒಂದು ದಿನದ ಸಂಬಳ, ಅಷ್ಟೇ. ಬಾಗಿಲು ಹೊರಕ್ಕೆ ತೆರೆದರೆ ಜಗಲಿಯಲ್ಲಿ ಹೋಗುವವರಿಗೆ ತಾಗುತ್ತದೆ, ನೀರು ಹೊರಗೆ ತೊಟ್ಟಿಕ್ಕುತ್ತದೆ ಎಂದು ಕೆಲವರು ಗೊಣಗುವುದುಂಟು. ತೊಟ್ಟಿಕ್ಕಲಿ ಬಿಡಿ.

ತಿರುಗಿಸಲು ಸ್ಥಳವೇ ಇಲ್ಲದಿದ್ದರೆ ಬಾಗಿಲಿನ ಕೆಳಗಡೆ ನಾಲ್ಕೈದು ಇಂಚು ಕತ್ತರಿಸಿ ತೆಗೆಯಿರಿ. ಒಳಗಿದ್ದವರು ನಿಂತಿದ್ದಾರೋ ಬಿದ್ದಿದ್ದಾರೋ ಎಂದು ಬಗ್ಗಿದರೆ ತಿಳಿಯುತ್ತದೆ, ಗಾಳಿಯೂ ಆಡುತ್ತದೆ, ಮರದ ಬಾಗಿಲಿನ ಬುಡ ಕೊಳೆಯುವುದೂ ನಿಲ್ಲುತ್ತದೆ.

ಚಿಲಕಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವುದು ಟವರ್ ಬೋಲ್ಟ್, ಅಂದರೆ ಸರಳು ಜಾರಿ ದಾರಂದದ ತೂತಿಗೆ ಹೋಗುವ ಉದ್ದ ಚಿಲಕ. ಮಲಯಾಳಂ ಮಾತನಾಡುವ ಬಡಗಿಗೆ ಕುಟ್ಟಿ ಎಂದರೆ ಅರ್ಥವಾಗುತ್ತದೆ. ಇದು ಭದ್ರ, ಅಗ್ಗ. ಆದರೆ ಒಮ್ಮೆ ಹಾಕಿದರೆ ಹೊರಗಿನಿಂದ ಏನೂ ಮಾಡುವಂತಿಲ್ಲ. ಅದೂ ಕಬ್ಬಿಣದ್ದಾದರೆ ನಮ್ಮ ಮಳೆಗೂ ಕಡಲ ಗಾಳಿಗೂ ಎರಡೇ ವರ್ಷದಲ್ಲಿ ತುಕ್ಕು ಹಿಡಿದು ಬಿಗಿಯಾಗುತ್ತದೆ. ಸಂಧಿವಾತದ ಬೆರಳುಗಳಿಗೆ, ಕೈ ನಡುಗುವ ಪಾರ್ಕಿನ್ಸನ್ ರೋಗಿಗಳಿಗೆ ಅದನ್ನು ಎಳೆಯುವುದು ಸಾಧ್ಯವಿಲ್ಲ. ಕೆಲವು ಮನೆಗಳಲ್ಲಿ ಮೇಲೊಂದು ಕೆಳಗೊಂದು ಹಾಕಿರುತ್ತಾರೆ. ಬಚ್ಚಲಿಗೆ ಎರಡು ಚಿಲಕ ಏತಕ್ಕೆ? ಕೆಳಗಿನದನ್ನು ಬಗ್ಗಿ ತೆಗೆಯುವಾಗಲೇ ತಲೆ ತಿರುಗುತ್ತದೆ. ಇರುವುದಾದರೆ ಸೊಂಟದ ಎತ್ತರಕ್ಕೆ ಒಂದೇ ಇರಲಿ. ಹಿತ್ತಾಳೆಯದೋ ಸ್ಟೈನ್‌ಲೆಸ್ ಸ್ಟೀಲಿನದೋ ಆಗಿರಲಿ.

ಹೆಚ್ಚು ಖರ್ಚು ಮಾಡಲಾಗದವರಿಗೆ ಹಳೆಯ ಕಾಲದ ಕೊಕ್ಕೆ ಮತ್ತು ಕೊಂಡಿ ಕೆಟ್ಟದ್ದಲ್ಲ. ಸಣ್ಣ ಸ್ಕ್ರೂ ಹಾಕಿದ ಹಗುರವಾದ ಕೊಕ್ಕೆ ಮರ್ಯಾದೆಗೆ ಸಾಕು, ತುರ್ತು ಬಂದಾಗ ಬಲವಾಗಿ ಜಗ್ಗಿದರೆ ಕಿತ್ತುಬರುತ್ತದೆ. ಬಾಗಿಲಿಗೂ ದಾರಂದಕ್ಕೂ ನಡುವೆ ನೇರವಾದ ಸಂದು ಇದ್ದರೆ ಸ್ಟೀಲಿನ ಅಳತೆಪಟ್ಟಿ ತೂರಿಸಿ ಕೊಕ್ಕೆಯನ್ನು ಮೇಲಕ್ಕೆ ಎತ್ತಲೂಬಹುದು. ಭದ್ರವಾಗಿರಲಿ ಎಂದು ಬಡಗಿ ದಪ್ಪ ಕೊಕ್ಕೆ, ಉದ್ದ ಸ್ಕ್ರೂ ಹಾಕಲು ಹೊರಟರೆ ಬೇಡವೆನ್ನಿ.

ನಾನು ಹೆಚ್ಚಾಗಿ ಸಲಹೆ ಮಾಡುವುದು ಇನ್ನೊಂದು ಬಗೆಯದನ್ನು. ಒಳಗಡೆ ತಿರುಗಿಸುವ ಒಂದು ಕಿವಿ, ಹೊರಗಡೆ ನಾಣ್ಯ ತೂರಿಸುವಷ್ಟು ಒಂದು ಗೀರು. ಒಳಗಿನವರು ಕಿವಿ ತಿರುಗಿಸಿದರೆ ಚಿಲಕ ಬೀಳುತ್ತದೆ. ಹೊರಗಿನವರು ಗೀರಿಗೆ ಒಂದು ರೂಪಾಯಿ ನಾಣ್ಯವನ್ನೋ ಸ್ಕ್ರೂಡ್ರೈವರನ್ನೋ ಇಟ್ಟು ತಿರುಗಿಸಿದರೆ ಅದೇ ಚಿಲಕ ತೆರೆಯುತ್ತದೆ. ಕೆಲವುಗಳಲ್ಲಿ ಹೊರಗಡೆ ಕೆಂಪು ಮತ್ತು ಹಸಿರು ಗುರುತು ಕಾಣುತ್ತದೆ. ರೈಲಿನ ಶೌಚಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ ನೀವು ನೋಡಿರಬಹುದು. ಹೊರಗಿನಿಂದ ಬಾಗಿಲು ತಳ್ಳಿ ನೋಡುವ ಮುಜುಗರವೂ ತಪ್ಪುತ್ತದೆ. ಗುಂಡು ಹಿಡಿಯ ಬೀಗಗಳಲ್ಲೂ ಬಚ್ಚಲಿಗೆಂದೇ ಮಾಡಿದ, ಕೀಲಿಕೈ ಇಲ್ಲದ ಬಗೆ ಇದೆ. ಒಳಗೆ ಒತ್ತುವ ಗುಂಡಿ, ಹೊರಗೆ ಕಡ್ಡಿ ತೂರಿಸುವ ಸಣ್ಣ ತೂತು ಅಥವಾ ಗೀರು ಇರುತ್ತದೆ. ಆದರೆ ಸಾಬೂನಿನ ಕೈಗೆ ಗುಂಡು ಹಿಡಿ ಜಾರುತ್ತದೆ. ಕೈಯಲ್ಲಿ ಶಕ್ತಿ ಇಲ್ಲದವರಿಗೆ ಮೊಣಕೈಯಿಂದಲೂ ಒತ್ತಬಹುದಾದ ಅಡ್ಡ ಹಿಡಿಯೇ ಒಳ್ಳೆಯದು. ಕೀಲಿಕೈ ಇರುವ ಕೋಣೆಯ ಬೀಗವನ್ನು ಬಚ್ಚಲಿಗೆ ಹಾಕಬೇಡಿ. ಬೇಕಾದ ದಿನ ಕೀಲಿಕೈ ಸಿಗುವುದಿಲ್ಲ.

ಅಂಗಡಿಯಲ್ಲಿ ಬೇಬಿ ಲ್ಯಾಚ್ ಎಂಬ ಹೆಸರಿನ ಒಂದು ಸಣ್ಣ ಬೀಗ ತೋರಿಸುತ್ತಾರೆ. ಹೆಸರು ಕೇಳಿ ಮಕ್ಕಳಿಗೆ ಸುರಕ್ಷಿತವೆಂದು ತಿಳಿಯಬೇಡಿ, ಗಾತ್ರ ಚಿಕ್ಕದು ಎಂದಷ್ಟೇ ಅದರ ಅರ್ಥ. ಅದರಲ್ಲಿ ಹೊರಗಡೆ ಬರೀ ತಗಡು ಇರುವುದೂ ಇದೆ, ನಾಣ್ಯದ ಗೀರು ಇರುವುದೂ ಇದೆ. ಪೆಟ್ಟಿಗೆ ಬಿಚ್ಚಿಸಿ ಎರಡೂ ಕಡೆ ನೋಡಿಯೇ ಹಣ ಕೊಡಿ.

ಹೊರಗಿನ ಚಿಲಕದ ವಿಷಯವನ್ನೂ ಹೇಳಲೇಬೇಕು. ನಾಯಿ ಹೋಗದಿರಲೆಂದು, ಮಕ್ಕಳು ಹೋಗದಿರಲೆಂದು ಬಚ್ಚಲಿಗೆ ಹೊರಗಡೆಯೂ ಚಿಲಕ ಇರುತ್ತದೆ. ಇದು ಅಗತ್ಯವೇ. ಅಂಬೆಗಾಲಿಡುವ ಮಗು ಬಕೆಟಿಗೆ ಬಗ್ಗಿ ತಲೆಕೆಳಗಾಗಿ ಬಿದ್ದರೆ ಕೆಲವೇ ಇಂಚು ನೀರು ಸಾಕು, ಸದ್ದೂ ಆಗುವುದಿಲ್ಲ. ಹಾಗಾಗಿ ಹೊರಗಿನ ಚಿಲಕ ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿರಲಿ, ಬಕೆಟ್ ಖಾಲಿ ಮಾಡಿ ಬೋರಲು ಹಾಕುವ ಅಭ್ಯಾಸವಿರಲಿ. ಆದರೆ ಬೆಳಗಿನ ಕತ್ತಲಲ್ಲಿ ಅಜ್ಜ ಒಳಗಿರುವಾಗ ಹಾಲು ಕರೆಯಲು ಹೊರಟವರು ದಾರಿಯಲ್ಲಿ ಹೊರಗಿನ ಚಿಲಕ ಸರಿಸಿ ಹೋಗುವುದೂ ನಡೆಯುತ್ತದೆ. ಚಿಲಕ ಹಾಕುವ ಮುಂಚೆ "ಒಳಗೆ ಯಾರು?" ಎಂದು ಕೇಳುವುದನ್ನು ಮಕ್ಕಳಿಗೂ ಕಲಿಸಿ.

ಬಾಗಿಲು ಭದ್ರವಾಗಿ ಮುಚ್ಚುವುದರಲ್ಲಿ ಇನ್ನೊಂದು ಅಪಾಯವಿದೆ. ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇಟ್ಟಿದ್ದರೆ, ಅಥವಾ ಬಚ್ಚಲೊಲೆಯ ಹೊಗೆ ಹೋಗಲು ದಾರಿಯಿಲ್ಲದಿದ್ದರೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನ ಮಾಡುವವರು ತಲೆನೋವು, ಅಮಲು ಬಂದಂತಾಗಿ ಬೀಳುತ್ತಾರೆ. ಕೆಲವರಿಗೆ ಫಿಟ್ಸ್ ಬಂದಂತೆಯೇ ಆಗುತ್ತದೆ. ಎಳೆಯ ವಯಸ್ಸಿನವರೂ ಹೀಗೆ ಸತ್ತದ್ದುಂಟು. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗಿನ ಗೋಡೆಗೆ ಹಾಕಿಸಿ, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಮೇಲಿನ ಗಾಳಿಕಿಂಡಿಗೆ ಚಳಿಯೆಂದು ಗೋಣಿ ತುರುಕಬೇಡಿ.

ಕರೆದರೂ ಉತ್ತರ ಬಾರದಿದ್ದಾಗ ಏನು ಮಾಡಬೇಕು? ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ಬಕೆಟಿಗೆ ಇಳಿಬಿಟ್ಟ ಹೀಟರ್ ಕಡ್ಡಿಯಿಂದ ಶಾಕ್ ಹೊಡೆದು ಬಿದ್ದಿರಬಹುದು, ಆತುರದಲ್ಲಿ ಮುಟ್ಟಿದವರೂ ಅಲ್ಲೇ ಬೀಳುತ್ತಾರೆ. ಗ್ಯಾಸ್ ಇದ್ದರೆ ಅದನ್ನೂ ಮುಚ್ಚಿ. ಬಾಗಿಲಿನ ಕೆಳಸಂದಿನಿಂದಲೋ ಗಾಳಿಕಿಂಡಿಯಿಂದಲೋ ಬಿದ್ದವರು ಎಲ್ಲಿದ್ದಾರೆಂದು ನೋಡಿ, ಆಮೇಲೆ ಬಾಗಿಲಿಗೆ ಕೈ ಹಾಕಿ. ಹೊರಕ್ಕೆ ತೆರೆಯುವ ಬಾಗಿಲಾದರೆ ಬಿಜಾಗರಿ ಹೊರಗಿರುತ್ತದೆ. ಅದರ ಕಡ್ಡಿ ಬಿಚ್ಚಿಬರುವ ಬಗೆಯದಾದರೆ ಕೆಳಗಿನಿಂದ ಮೊಳೆ ಇಟ್ಟು ಸುತ್ತಿಗೆಯಿಂದ ಬಡಿದರೆ ಮೇಲಕ್ಕೆ ಬರುತ್ತದೆ, ಬಾಗಿಲನ್ನೇ ಕಳಚಬಹುದು.

ಒಳಗೆ ಹೋದ ಮೇಲೆ, ವಿಷಗಾಳಿಯ ಶಂಕೆ ಇದ್ದರೆ ತಕ್ಷಣ ಹೊರಗೆ ಎಳೆದು ತನ್ನಿ. ಹಾಗಿಲ್ಲದೆ, ವಯಸ್ಸಾದವರು ಬಿದ್ದು ಸೊಂಟ ನೋವು ಎನ್ನುತ್ತಿದ್ದರೆ ಕೈಹಿಡಿದು ಎಬ್ಬಿಸಬೇಡಿ. ಒದ್ದೆ ಬಟ್ಟೆ ಸರಿಸಿ ಕಂಬಳಿ ಹೊದೆಸಿ 108ಕ್ಕೆ ಫೋನ್ ಮಾಡಿ. ಫಿಟ್ಸ್ ಆಗುತ್ತಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ನಮ್ಮಲ್ಲಿ ಫಿಟ್ಸ್ ಬಂದವರ ಕೈಗೆ ಕೀಲಿಕೈ ಗೊಂಚಲು ಕೊಡುವವರು ಇನ್ನೂ ಇದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಕೀಲಿಕೈಯಿಂದ ಉಪಯೋಗವಿರುವುದು ಬಾಗಿಲಿಗೆ.

ನಮ್ಮ ಮನೆಯಲ್ಲಿ ಕೊನೆಗೆ ಮಾಡಿದ್ದು ಇಷ್ಟು. ಬಾಗಿಲನ್ನು ಹೊರಕ್ಕೆ ತಿರುಗಿಸಿದೆವು, ಕೆಂಪು ಹಸಿರು ಗುರುತಿನ ಚಿಲಕ ಹಾಕಿಸಿದೆವು. ಅದಕ್ಕೂ ಮೊದಲು ಅಮ್ಮನಿಗೆ ಅದನ್ನು ಕೈಯಲ್ಲಿ ಕೊಟ್ಟು ತೋರಿಸಿದೆವು. ಹೊರಗಿನಿಂದ ತೆಗೆಯಬಹುದು ಎಂಬುದನ್ನು ಮುಚ್ಚಿಡಲಿಲ್ಲ. "ಯಾರು ತೆಗೆಯುವುದು?" ಎಂದು ಕೇಳಿದರು. ಅತ್ತಿಗೆ ಮಾತ್ರ, ಮೂರು ಸಲ ಕರೆದ ಮೇಲೆ ಎಂದು ಒಪ್ಪಂದವಾಯಿತು. ಅಂದಿನಿಂದ ಬಕೆಟ್ ಬಾಗಿಲಿಗೆ ಬರಲಿಲ್ಲ. ಅತ್ತಿಗೆ ಒಂದು ನಾಣ್ಯಕ್ಕೆ ತೂತು ಕೊರೆಸಿ, ದಾರ ಕಟ್ಟಿ, ದಾರಂದದ ಪಕ್ಕದ ಮೊಳೆಗೆ ತೂಗಹಾಕಿದರು. ಅವರಿಲ್ಲದ ಹೊತ್ತಿಗೆ ಪಕ್ಕದ ಮನೆಯ ಅಕ್ಕನಿಗೂ ಅದು ಎಲ್ಲಿದೆ ಎಂದು ಗೊತ್ತು.

ನೀವೂ ಚಿಲಕ ಹಾಕಿಸಿದ ದಿನವೇ ಒಬ್ಬರನ್ನು ಒಳಗೆ ನಿಲ್ಲಿಸಿ, ಮನೆಯ ಪ್ರತಿಯೊಬ್ಬ ದೊಡ್ಡವರೂ ಹೊರಗಿನಿಂದ ಒಂದೊಂದು ಸಲ ತೆಗೆದು ನೋಡಿ. ಬೇಸಗೆಯಲ್ಲಿ ಸಲೀಸಾಗಿ ತೆರೆದ ಮರದ ಬಾಗಿಲು ಆಟಿಯಲ್ಲಿ ಉಬ್ಬಿ ಬಿಗಿಯುತ್ತದೆ. ಮಳೆ ಹಿಡಿದು ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಿ, ಬಿಗಿಯಾಗಿದ್ದರೆ ಬಡಗಿಯಿಂದ ಅಂಚು ಹೆರೆಸಿ.